ಕಾಗೆಗೆ ಇಡದ ಎಡೆ

ಹೊಸ ಸೀರೆಯ ಗಂಜಿ ವಾಸನೆ ನಿಮಗೆ ಮದುವೆ ಮನೆಯನ್ನು ನೆನಪಿಸಬಹುದು. ನನಗೆ ನೆನಪಾಗುವುದು ಹಿರಿಯರ ಹಬ್ಬ, ಅಂದರೆ ಸತ್ತವರಿಗೆ ಎಡೆ ಇಡುವ ಮಹಾಲಯ ಅಮಾವಾಸ್ಯೆ. ಮೊನ್ನೆ ಚಿಂತಾಮಣಿಯ ಬಟ್ಟೆ ಅಂಗಡಿಯೊಂದರಲ್ಲಿ ಕುಳಿತಿದ್ದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಹಬ್ಬಕ್ಕೆ ಇನ್ನು ನಾಲ್ಕು ದಿನವಿತ್ತು. ಸೀರೆ ತೋರಿಸುವ ಹೆಂಗಸು ನನ್ನನ್ನು ನೋಡಿದೊಡನೆ, "ಎಡೆ ಸೀರೇನಾ ಸಾರ್? ಆ ಕಡೆ ಇದೆ ನೋಡಿ. ಬ್ಲೌಸ್ ಪೀಸ್ ಇರಲ್ಲ, ರೇಟು ಕಮ್ಮಿ" ಎಂದಳು. ಅರವತ್ತು ದಾಟಿದ ಗಂಡಸು ಒಬ್ಬನೇ ಸೀರೆ ಅಂಗಡಿಗೆ ಬಂದರೆ ಇನ್ನೇನಕ್ಕೆ ಬಂದಾನು? ಪ್ರತಿ ವರ್ಷ ನಾನು ಆ ಕಡೆಯ ರಾಶಿಯಿಂದಲೇ ಒಂದನ್ನು ಎಳೆದುಕೊಂಡು ಹೋಗುತ್ತಿದ್ದವನು. ಈ ಸಲ ಆ ಕಡೆ ತಿರುಗಲಿಲ್ಲ. ಯಾಕೆಂದು ನಿಮಗೆ ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ನೇರವಾಗಿ ಹೇಳುವಷ್ಟು ಧೈರ್ಯ ನನಗಿಲ್ಲ.

ಕೈವಾರದ ಹತ್ತಿರದ ನಮ್ಮೂರ ಮನೆಯಲ್ಲಿ ಹಬ್ಬದ ದಿನ ನಡುಮನೆಯಲ್ಲಿ ಎರಡು ಎಡೆ ಇಡುತ್ತಿದ್ದರು. ಒಂದು, ಮನೆಯ ಹಿರಿಯರಿಗೆಲ್ಲ ಸೇರಿ. ಮುದ್ದೆ, ಕಾಳು ಸಾರು, ವಡೆ, ಕಜ್ಜಾಯ, ಒಂದು ಪಂಚೆ, ಮುತ್ತಾತನಿಗೆ ಇಷ್ಟವೆಂದು ಒಂದು ಕಟ್ಟು ಬೀಡಿ. ಇನ್ನೊಂದು ಎಲೆ ಮೂಲೆಯಲ್ಲಿ, ಒಂಟಿಯಾಗಿ. ಅದರ ಪಕ್ಕದಲ್ಲಿ ಒಂದು ಹೊಸ ಸೀರೆ. ಅದಕ್ಕೆ 'ಅಕ್ಕನ ಎಡೆ' ಎಂದು ಹೆಸರು. ಅಕ್ಕ ಎಂದರೆ ನಮ್ಮ ತಾತನ ಮೊದಲನೇ ಹೆಂಡತಿ. ಮಕ್ಕಳಾಗದೆ ತೀರಿಕೊಂಡಳು, ಅವಳು ಹೋದ ಮೇಲೆಯೇ ನಮ್ಮಜ್ಜಿ ಈ ಮನೆಗೆ ಬಂದದ್ದು. ನಮಗೆ ಗೊತ್ತಿದ್ದದ್ದು ಇಷ್ಟೇ. ಅವಳ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಅಜ್ಜಿ 'ಅಕ್ಕ' ಎನ್ನುತ್ತಿದ್ದಳು, ತಾತ ಏನೂ ಎನ್ನುತ್ತಿರಲಿಲ್ಲ. ನಾವು ಮಕ್ಕಳು ಆ ಎಲೆಗೂ ಅಡ್ಡಬಿದ್ದು, ಕೈಮುಗಿದು, ನಮಗೆ ಬೇಕಾದ್ದನ್ನು ಬೇಡಿಕೊಳ್ಳುತ್ತಿದ್ದೆವು. ನಾನು ಸಾಮಾನ್ಯವಾಗಿ ಲೆಕ್ಕದ ಪರೀಕ್ಷೆಯಲ್ಲಿ ಪಾಸು ಮಾಡಿಸಮ್ಮ ಎಂದು ಕೇಳುತ್ತಿದ್ದೆ.

ಪೂಜೆ ಮುಗಿದ ಮೇಲೆ ಹಿರಿಯರ ಎಲೆಯನ್ನು ಹೆಂಚಿನ ಮೇಲೆ ಕಾಗೆಗೆ ಇಡುವುದು ನನ್ನ ಕೆಲಸ. ಅಕ್ಕನ ಎಲೆಯಿಂದ ಮಾತ್ರ ಒಂದು ಅಗುಳನ್ನೂ ಅಜ್ಜಿ ಮೇಲಕ್ಕೆ ಹೋಗಗೊಡುತ್ತಿರಲಿಲ್ಲ. ಎತ್ತಿಕೊಳ್ಳಲು ಹೋದರೆ, "ಅದು ಕಾಗೆಗಲ್ಲ ಕಣೋ, ಬಿಡಪ್ಪ" ಎಂದು ಕೈ ತಡೆಯುತ್ತಿದ್ದಳು. ಆ ಎಡೆಯ ಕಜ್ಜಾಯಗಳನ್ನು ಎಲೆಯಲ್ಲಿ ಸುತ್ತಿ, ಸೀರೆಯ ಜೊತೆ ಗಂಟು ಕಟ್ಟಿ, ಎರಡು ದಿನದ ಮೇಲೆ ಶಿಡ್ಲಘಟ್ಟದಿಂದ ಬರುತ್ತಿದ್ದ ಬಳೆಗಾರ ಬಾಷಾ ಸಾಬರ ಕೈಗೆ ಕೊಡುತ್ತಿದ್ದಳು. ಅವರು ಊರೂರು ಸುತ್ತುವವರು, ಯಾರೋ ಬಡವರಿಗೆ ಕೊಡುತ್ತಾರೆ ಎಂದು ನಾವು ತಿಳಿದಿದ್ದೆವು. ನನಗಂತೂ ಕಜ್ಜಾಯ ಕೈತಪ್ಪಿದ ಸಂಕಟವೇ ದೊಡ್ಡದಾಗಿತ್ತು.

ನಾನು ಎಂಟನೇ ಕ್ಲಾಸಿನಲ್ಲಿದ್ದ ವರ್ಷ ಅಜ್ಜಿ ಅಕ್ಕನ ಎಲೆಯನ್ನು ತಾನೇ ಎತ್ತಿ ನನ್ನ ಕೈಗೆ ಕೊಟ್ಟಳು. "ಮೇಲಿಡು" ಎಂದಳು.

"ಕಾಗೆಗಲ್ಲ ಅಂತಿದ್ದೆ?"

"ಈಗ ಕಾಗೆಗೇ ಕಣೋ" ಎಂದು ಒಳಗೆ ಹೋದಳು. ಆ ಸಲ ಬಾಷಾ ಸಾಬರು ಬರಿಗೈಯಲ್ಲಿ ಹೋದರು. ಸೀರೆಯನ್ನು ನಮ್ಮಮ್ಮ ಉಟ್ಟಳು. ಅಲ್ಲಿಂದ ಮುಂದೆ ಎಲ್ಲ ವರ್ಷವೂ ಹಾಗೆಯೇ ನಡೆಯಿತು, ನಾನು ಅದನ್ನು ಮರೆತೂ ಬಿಟ್ಟೆ.

ಹೋದ ವರ್ಷ ನಮ್ಮ ತಂದೆ ತೀರಿಕೊಂಡರು. ಜಮೀನಿನ ಖಾತೆ ನನ್ನ ಮತ್ತು ತಮ್ಮನ ಹೆಸರಿಗೆ ಆಗಬೇಕಿತ್ತು. ಅದಕ್ಕೆ ವಂಶವೃಕ್ಷ ಬರೆದು, ಇದು ಸತ್ಯವೆಂದು ಪ್ರಮಾಣ ಮಾಡಿ, ಕಚೇರಿಗೆ ಕೊಡಬೇಕು. ನಾನು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತನಾದವನು. ರಾಜರ ವಂಶಾವಳಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ, ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದವನು. ಆದ್ದರಿಂದ ಈ ಕೆಲಸ ನನ್ನ ತಲೆಗೆ ಬಿತ್ತು, ನಾನೂ ಉಬ್ಬಿದೆ. ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಮುತ್ತಾತನ ತಾತನವರೆಗೂ ಬರೆದು ಗೋಡೆಗೆ ಅಂಟಿಸಿದೆ. ಬರೀ ಗಂಡಸರ ಹೆಸರುಗಳು. ವೃಕ್ಷವೇನೋ ಹೌದು, ಆದರೆ ತೆಂಗಿನ ಮರದ ಹಾಗೆ ಒಂದು ಕೊಂಬೆಯೂ ಇಲ್ಲದೆ ನೆಟ್ಟಗೆ ನಿಂತಿತ್ತು. ಇಷ್ಟಕ್ಕೇ ಬಿಡಬಹುದಿತ್ತು. ಎಲ್ಲೋ ಒಬ್ಬ ಪಾಳೇಗಾರನ ದಳವಾಯಿ ನಮ್ಮ ಪೂರ್ವಜನಾಗಿ ಸಿಕ್ಕಾನು ಎಂಬ ಆಸೆಗೆ ತಾತನ ಟ್ರಂಕನ್ನು ಕೆದಕಿದೆ. ದಳವಾಯಿ ಸಿಗಲಿಲ್ಲ.

ಸಿಕ್ಕಿದ್ದು ನಾಲ್ಕಾಗಿ ಮಡಿಸಿದ ಒಂದು ಛಾಪಾ ಕಾಗದ. 'ನಾರಾಯಣಮ್ಮ ಎಂಬ ನಾನು ಸ್ವಸಂತೋಷದಿಂದ ಬರೆಸಿಕೊಟ್ಟ ಬಿಡುಗಡೆ ಪತ್ರ' ಎಂದು ಶುರುವಾಗಿತ್ತು. ತನಗೆ ಮಕ್ಕಳಿಲ್ಲದ ಕಾರಣ ಗಂಡನು ಬೇರೆ ಮದುವೆಯಾಗಿರುವುದಾಗಿಯೂ, ತಾನು ತವರೂರಾದ ಮಂಚೇನಹಳ್ಳಿಯಲ್ಲಿ ಇರುವುದಾಗಿಯೂ, ಇನ್ನು ಮುಂದೆ ಗಂಡನ ಮನೆಯಿಂದ ಅನ್ನಕ್ಕಾಗಲಿ ಬಟ್ಟೆಗಾಗಲಿ ತನಗೆ ಯಾವ ಹಕ್ಕೂ ಇಲ್ಲವೆಂದೂ ಅದರಲ್ಲಿತ್ತು. ಗಂಡನ ಹೆಸರು ನಮ್ಮ ತಾತನದು. ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು. ತಾರೀಖು ನೋಡಿದೆ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಆಗ ನಮ್ಮ ತಂದೆಗೆ ಆರು ವರ್ಷ. ಅಜ್ಜಿ ಬರುವುದಕ್ಕೆ ಮೊದಲೇ ಸತ್ತಳೆಂದು ನಾವು ನಂಬಿದ್ದ ಹೆಂಗಸು, ಅಜ್ಜಿಯ ಮಗ ಸ್ಲೇಟು ಹಿಡಿದು ಸ್ಕೂಲಿಗೆ ಹೋಗುವ ಹೊತ್ತಿಗೂ ಬದುಕಿದ್ದಳು.

ತಮ್ಮನಿಗೆ ತೋರಿಸಿದೆ. ಅವನು ಓದಿ, ಇದ್ದ ಮಡಿಕೆಯಲ್ಲೇ ಮಡಿಸಿ ಕೊಟ್ಟ. "ಅಣ್ಣ, ಇದನ್ನ ಈಗ ಎಬ್ಬಿಸ್ಬೇಡ. ಅವರ ತವರಿನ ಕಡೆಯೋರು ಯಾರಾದ್ರೂ ತಕರಾರು ಹಾಕಿದ್ರೆ ಖಾತೆ ಅಲ್ಲೇ ನಿಂತ್ಕೊಳ್ತದೆ. ಸುಮ್ನೆ ಸೈನ್ ಮಾಡು" ಎಂದ. ನಾನು ಚರಿತ್ರೆಯ ಮೇಷ್ಟ್ರು, ಸತ್ಯ ಗಿತ್ಯ ಎಂದು ಸ್ವಲ್ಪ ಹೊತ್ತು ಮಾತಾಡಿದೆ. ಆಮೇಲೆ ಸಹಿ ಹಾಕಿದೆ. ತಾತನಿಗೆ ಹೆಂಡತಿ ಒಬ್ಬಳೇ ಎಂದು ಪ್ರಮಾಣ ಮಾಡಿ ಹಾಕಿದೆ. ಆ ಹೆಬ್ಬೆಟ್ಟು ಒತ್ತಿಸಿಕೊಂಡವರನ್ನು ಬೈಯುವ ಯೋಗ್ಯತೆ ನನಗೆ ಅಲ್ಲಿಗೆ ಮುಗಿಯಿತು.

ಖಾತೆಯೇನೋ ಆಯಿತು. ಆದರೆ ಊಟಕ್ಕೆ ಕೂತರೂ ಮೂಲೆಯ ಆ ಎಲೆ ಕಣ್ಣಿಗೆ ಕಟ್ಟುತ್ತಿತ್ತು. ಒಂದು ದಿನ ಮನೆಯಲ್ಲಿ ಯಾರಿಗೂ ಹೇಳದೆ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಮಂಚೇನಹಳ್ಳಿಗೆ ಹೋದೆ. ಅಂಗಡಿಗಳ ಮುಂದೆ ಕೂತ ಮುದುಕರನ್ನು ಕೇಳುತ್ತ ಹೋಗಿ, ಮಧ್ಯಾಹ್ನದ ಹೊತ್ತಿಗೆ ನಾರಾಯಣಮ್ಮನ ಅಣ್ಣನ ಮಗಳು ಮುನಿಯಮ್ಮನವರ ಮನೆ ಪತ್ತೆಯಾಯಿತು. ಎಂಬತ್ತು ದಾಟಿದ್ದಾರೆ. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಯಾವೂರಪ್ಪ? ಕೂಚೋ ನಾಯನಾ" ಎಂದು ತೆಲುಗು ಬೆರೆಸಿ ಕೂರಲು ಹೇಳಿದರು. ಕೂತು, ಊರು ಹೇಳಿ, ತಾತನ ಹೆಸರು ಹೇಳಿದೆ. ಅವರ ಕೈ ನಿಂತಿತು. ಬೈದಾರೆಂದು ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ನೋಡಿಕೊಂಡೆ. ಅವರು ಬೈಯಲಿಲ್ಲ, ಮತ್ತೆ ಸುಲಿಯತೊಡಗಿದರು.

"ಅತ್ತೆ ಇಲ್ಲೇ ಇದ್ದಿದ್ದು, ಸಾಯೋಗಂಟ. ಅವಳನ್ನ ಇಲ್ಲಿಗೆ ತಂದು ಬಿಟ್ಟಮೇಲೆ ನಿಮ್ಮ ತಾತ, 'ಅವಳು ನನ್ನ ಪಾಲಿಗೆ ಸತ್ಲು, ಈ ಮನೇಲಿ ಹೆಸರು ಎತ್ತಬಾರದು' ಅಂದ್ರಂತೆ. ನಿಮ್ಮಜ್ಜಿ ಏನಂದ್ರಂತೆ ಗೊತ್ತಾ? 'ಸತ್ತಿದ್ರೆ ಎಡೆ ಇಡ್ಬೇಕಲ್ಲ, ಸೀರೆ ತಂದ್ಕೊಡಿ' ಅಂದ್ರಂತೆ. ನಿಮ್ಮ ತಾತ ತಂದ್ಕೊಟ್ರಂತೆ. ಬಳೆ ಸಾಬ್ರು ಹೇಳಿದ್ದು ಇದೆಲ್ಲ. ವರ್ಷಕ್ಕೊಂದು ಸೀರೆ, ಅಷ್ಟು ಕಜ್ಜಾಯ, ತಪ್ಪದೆ ತಂದ್ಕೊಡೋರು ಪಾಪ."

ಒಂದು ಗಳಿಗೆ ನನ್ನ ಎದೆ ಹಗುರಾಯಿತು. ಎಂಥ ಜಾಣೆ ನಮ್ಮಜ್ಜಿ! ಅಷ್ಟಕ್ಕೇ ಎದ್ದು ಬಂದಿದ್ದರೆ ನಾನು ಸುಖವಾಗಿರುತ್ತಿದ್ದೆ. ಮೇಷ್ಟ್ರ ಚಟ ನೋಡಿ, ಇನ್ನೊಂದು ಪ್ರಶ್ನೆ ಕೇಳಿದೆ.

"ಅದು ಎಡೆಗೆ ಇಟ್ಟಿದ್ದ ಸೀರೆ ಅಂತ ಅವರಿಗೆ ಗೊತ್ತಿತ್ತಾಮ್ಮ?"

ಮುನಿಯಮ್ಮ ದಡ್ಡನನ್ನು ನೋಡುವಂತೆ ನನ್ನನ್ನು ನೋಡಿದರು. "ಅಂಚಿಗೆ ಅರಿಶಿನ ಬಿದ್ದಿರೋದು. ಹಿರಿಯರ ಅಮಾಸೆ ಕಳೀತಿದ್ದಂಗೆ ಬರೋದು. ಗೊತ್ತಾಗದೆ ಏನಪ್ಪ? ಮೊದಲನೇ ವರ್ಷ ಮುಟ್ಟಲಿಲ್ಲವಂತೆ. ಆಮೇಲೆ ಉಟ್ಲು. ಬೇರೆ ಎಲ್ಲಿತ್ತು? ಸೀರೆ ಹೊಸದು, ರವಿಕೆ ತೇಪೆ ಹಾಕಿದ್ದು. ಉಟ್ಕೊಂಡು ಬಂದು, 'ನನ್ನ ತಿಥಿ ಸೀರೆ ಹೆಂಗದೆಯೇ ಮುನಿಯಮ್ಮ' ಅಂತ ಕೇಳಿ ನಗೋಳು. ಆ ನಗು ನೋಡಕ್ಕಾಗ್ತಿರಲಿಲ್ಲ."

ಹೊರಡುವಾಗ ಅವರು ನನ್ನ ಕೈ ಹಿಡಿದುಕೊಂಡರು. "ಮತ್ತೆ ಬರೋದಾದ್ರೆ ನಂಗೊಂದು ಸೀರೆ ತಗೊಂಡು ಬಾ ನಾಯನಾ. ಎಡೆಗೆ ಇಡದೇ ಇರೋದು. ಅತ್ತೆ ಯಾವತ್ತೂ ಕೇಳ್ಲಿಲ್ಲ. ನಾನು ಕೇಳ್ತೀನಿ."

ಬಸ್ಸಿನಲ್ಲಿ ಬರುವಾಗ ಅಜ್ಜಿಯ ಬಗ್ಗೆ ಹೆಮ್ಮೆ ಪಡಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಆ ಪತ್ರ ನಾರಾಯಣಮ್ಮನಿಂದ ಅನ್ನ ಬಟ್ಟೆಯನ್ನು ಕಿತ್ತುಕೊಂಡಿತ್ತು. ಅಜ್ಜಿ ತನಗಿದ್ದ ಒಂದೇ ದಾರಿಯಲ್ಲಿ ಅದನ್ನು ಕಳಿಸಿದಳು. ಆದರೆ ವರ್ಷಕ್ಕೊಂದು ಸಲ, ನೀನು ಸತ್ತಿದ್ದೀ ಎಂದು ಹೇಳಿ ಕಳಿಸಿದ ಹಾಗೂ ಆಯಿತು. ಸಾಬರು ಅವಳ ಸಾವಿನ ಸುದ್ದಿ ತಂದ ವರ್ಷ, ಎಲೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದ ಅಜ್ಜಿ ಅತ್ತಿದ್ದಳೇ? ನಾನು ಹಿಂದೆ ಹೋಗಿ ನೋಡಲಿಲ್ಲ. ಅದಕ್ಕೂ ಮೊದಲು ಲೆಕ್ಕದಲ್ಲಿ ಪಾಸು ಮಾಡಿಸೆಂದು ನಾನು ಕೈಮುಗಿಯುತ್ತಿದ್ದಾಗಲೆಲ್ಲ, ನಾರಾಯಣಮ್ಮ ಮಂಚೇನಹಳ್ಳಿಯ ಜಗಲಿಯ ಮೇಲೆ ಉಸಿರಾಡಿಕೊಂಡು ಕೂತಿದ್ದಳು. ಇದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

"ಯಾರಿಗೆ ಅಂತ ಹೇಳಿ ಸಾರ್" ಎಂದು ಅಂಗಡಿಯ ಹೆಂಗಸು ಎರಡನೇ ಸಲ ಕೇಳಿದಳು.

"ವಯಸ್ಸಾದ ಅಮ್ಮ ಒಬ್ಬರಿಗೆ. ಉಡೋಕೆ."

"ಬದುಕಿರೋರಿಗಾ? ಮೊದ್ಲೇ ಹೇಳ್ಬಾರ್ದಾ" ಎಂದು ಅವಳು ಹಿಂದಿನ ಕಪಾಟಿನಿಂದ ರವಿಕೆ ಬಟ್ಟೆಯಿರುವ ಸೀರೆಗಳನ್ನು ತೆಗೆದು ಹರಡಿದಳು. ಹಸಿರು ಮೈಗೆ ಕೆಂಪು ಅಂಚಿನದೊಂದನ್ನು ಆರಿಸಿದೆ. ನಾಳೆ ಬೆಳಗಿನ ಬಸ್ಸಿಗೆ, ಹಬ್ಬಕ್ಕೆ ಮುಂಚೆಯೇ, ಇದನ್ನು ಮುನಿಯಮ್ಮನವರಿಗೆ ಕೊಟ್ಟು ಬರುತ್ತೇನೆ. ಇದರಿಂದ ಸತ್ತವಳಿಗೆ ಏನೂ ತಲುಪುವುದಿಲ್ಲ ಎಂದು ನನಗೆ ಗೊತ್ತು.

ಬಿಲ್ಲು ಹಾಕುವಾಗ "ಯಾವ ಹೆಸರಿಗೆ ಸಾರ್?" ಎಂದು ಕೇಳಿದಳು. "ನಾರಾಯಣಮ್ಮ" ಎಂದೆ. ಅವಳು ತಲೆ ಎತ್ತದೆ ಬರೆದು, ಹರಿದು ಕೊಟ್ಟಳು. ಕಚೇರಿಯ ವಂಶವೃಕ್ಷದಲ್ಲಿ ಆ ಹೆಸರಿಲ್ಲ, ಅಲ್ಲಿ ನನ್ನ ಸಹಿಯಿದೆ. ಮನೆಗೆ ಬಂದು ತಾತನ ಟ್ರಂಕು ತೆರೆದು, ಬಿಲ್ಲನ್ನು ಆ ಪತ್ರದ ಜೊತೆಗೆ ಇಟ್ಟೆ. ಅವಳ ಹೆಸರಿರುವ ಕಾಗದ ನಮ್ಮ ಮನೆಯಲ್ಲಿ ಈಗ ಎರಡು. ಒಂದರಲ್ಲಿ, ತನಗೆ ಬಟ್ಟೆಯ ಹಕ್ಕಿಲ್ಲವೆಂದು ಹೆಬ್ಬೆಟ್ಟು ಒತ್ತಿದ್ದಾಳೆ. ಇನ್ನೊಂದು ಸೀರೆಯ ಬಿಲ್ಲು.