ಲಾತೂರಿಗಿ ಬದಲಿ ಆದ ಕಾಕಾ

ಉದಗೀರದ ಒಂದ್ ಕಾಲೇಜ ಆಫೀಸಿನ್ಯಾಗ ಹಳೇ ಕಂಪ್ಯೂಟರ್ ತಗದು, ಎಲ್ಲಾರ ಫೈಲು ಲಾತೂರಿನ ಒಂದ್ ದೊಡ್ಡ ಮಶೀನಿನ್ಯಾಗ ಇಟ್ಟು, ಇಲ್ಲಿ ಬರೇ ಪರದೆ ಕೂಡಿಸೋ ಕೆಲಸಕ್ಕ ಹೋಗಿದ್ದೆ. ಕ್ಲರ್ಕ್ ಶಾಂತಾ ಮಾವಶಿ ತನ್ನ ಸಿಪಿಯು ಡಬ್ಬಿ ತಬ್ಬಿ ಹಿಡದು ಬಿಡಲೇ ಇಲ್ಲ. ಪ್ರತಿ ಖಂಡೇನವಮಿ ಆಯುಧಪೂಜಿಗಿ ಹಚ್ಚಿದ ಕುಂಕುಮ ಅದರ ಮ್ಯಾಲೆ ಇನ್ನೂ ಇತ್ತು.

“ಇದರಾಗ ನಮ್ಮ ಮನಿಯವರ ಫೋಟೋ ಅದಪಾ. ಅವರು ತೀರಿಕೊಂಡ ಮ್ಯಾಲೆ ದಿನಾ ಮುಂಜಾನಿ ಇಲ್ಲೇ ಮಾರಿ ನೋಡತೀನಿ.”

“ಕಾಕಾಗ ಆಗಲೇ ಲಾತೂರಿನ ದೊಡ್ಡ ಮಶೀನಿಗಿ ಬದಲಿ ಮಾಡೀವ್ರಿ ಮಾವಶಿ. ಯಾವ ಕುರ್ಚಿಮ್ಯಾಲೆ ಕುಂತು ಪಾಸ್‌ವರ್ಡ್ ಹೊಡದ್ರೂ ಓಡಿ ಬರತಾರ,” ಅಂದೆ ನಾ.

ಆಕಿ ನಂಬಲಿಲ್ಲ. ಸಾಹೇಬರ ಟೇಬಲ್‌ಗಿ ಕುಂಡರಿಸಿ ಪಾಸ್‌ವರ್ಡ್ ಹೊಡಿಸಿದೆ. ಪರದೆ ತುಂಬ ಕಾಕಾ ನಕ್ಕರು.

“ಇದ್ದಾಗ ಕರದ್ರ ಒಮ್ಮೆನೂ ಓಡಿ ಬರಲಿಲ್ಲ ನೋಡು,” ಅಂತ ಮಾವಶಿ ಸೆರಗಿಲೆ ಕಣ್ಣ ಒರಸಕೊಂಡಳು.

ಮುಂದ ಖಂಡೇನವಮಿ ದಿನ ಹೋದ್ರ, ಡಬ್ಬಿ ಇಲ್ಲಂತ ಕುಂಕುಮ ನನ್ನ ಹಣಿಗೇ ಹಚ್ಚಿದಳು. ಪುಣ್ಯಾ, ಕಾಯಿ ಒಡಿಲಿಕ್ಕ ಬ್ಯಾರೆ ಕಲ್ಲ ಹುಡಕಿದಳು.