ತೆಗೆದಿಟ್ಟ ಹೋಳಿಗೆ

ನಾವು ಸಣ್ಣವರಿದ್ದಾಗ ನಮ್ಮೂರು ಡಾಬಕಾದಲ್ಲಿ ಚಂದ್ರನಿಗೆ ಕೈತುಂಬ ಕೆಲಸ. ಮಳೆ ಯಾವಾಗ ಬರುತ್ತದೆಂದು ಅವನೇ ಹೇಳಬೇಕು, ಊರಿನ ಹೆಣ್ಣುಮಕ್ಕಳ ಲಗ್ನವನ್ನೂ ಅವನೇ ಕೂಡಿಸಬೇಕು, ಮುರಿಯಬೇಕು. ಕಾರಹುಣ್ಣಿಮೆಯ ಸಂಜೆ ಮಳೆಯ ಗುರುತಾಗಿ ಚಂದ್ರನ ಸುತ್ತ ಬೆಳಕಿನ ಗುಡಿ ಕಟ್ಟಿದೆಯೋ ಇಲ್ಲವೋ ಎಂದು ಹಿರಿಯರೆಲ್ಲ ಅಂಗಳದಲ್ಲಿ ಕತ್ತೆತ್ತಿ ನಿಲ್ಲುತ್ತಿದ್ದರು. ಎತ್ತು ಓಡಿಸಿ ಕರಿ ಹರಿಯುವಾಗ ಬಿಳಿ ಎತ್ತು ಮುಂದೆ ಬಂದರೆ ಆ ವರ್ಷ ಜೋಳದ ಬೆಳೆ, ಕೆಂಪೆತ್ತು ಬಂದರೆ ತೊಗರಿ. ನಾವು ಮಕ್ಕಳು ನಮ್ಮ ಎತ್ತಿನ ಬಣ್ಣ ನೋಡಿಕೊಂಡು ಜಗಳಾಡುತ್ತಿದ್ದೆವು.

ನಮ್ಮ ಚಂದತ್ತಿ, ಎಂದರೆ ಅಪ್ಪನ ತಂಗಿ ಚಂದ್ರಮ್ಮ, ಹುಟ್ಟಿದ್ದೇ ಆ ಹುಣ್ಣಿಮೆಯಂದು. ಹುಣ್ಣಿಮೆಯ ಕೂಸೆಂದು ಎಲ್ಲರೂ ಎತ್ತಿ ಮುದ್ದಾಡಿದರಂತೆ. ಆಮೇಲೆ ಅಯ್ಯನವರು ಪಂಚಾಂಗ ಬಿಚ್ಚಿ, ಜ್ಯೇಷ್ಠಾ ನಕ್ಷತ್ರ, ಗಂಡನ ಅಣ್ಣನಿಗೆ ಕಂಟಕ ಎಂದುಬಿಟ್ಟರು. ಅಷ್ಟಕ್ಕೇ ಮುಗಿಯಿತು. ಇವಳನ್ನು ಕೊಡುವುದಾದರೆ ಮನೆಗೆ ದೊಡ್ಡ ಮಗನಾದವನಿಗೇ ಕೊಡಬೇಕು. ಬಂದ ಸಂಬಂಧಗಳೆಲ್ಲ ಎರಡನೆಯವನು, ಮೂರನೆಯವನು. ಅತ್ತಿಯ ವಾರಗೆಯವರ ಮಕ್ಕಳು ಸಾಲಿಗೆ ಹೋಗತೊಡಗಿದ್ದರು. ಆಯಿ, ನನ್ನ ಅಜ್ಜಿ, ದೇವರ ಮುಂದೆ ಊದಿನಕಡ್ಡಿ ಹಚ್ಚುವಾಗೆಲ್ಲ ಬೈಯುತ್ತಿದ್ದಳು. ದೇವರನ್ನೋ ಚಂದ್ರನನ್ನೋ ನನಗೆ ತಿಳಿಯುತ್ತಿರಲಿಲ್ಲ.

ಕೊನೆಗೊಮ್ಮೆ ಭಾಲ್ಕಿಯಿಂದ ಮಾತು ಬಂತು. “ಹುಡುಗ ಮನಿಗಿ ದೊಡ್ಡಾವರಿ, ತಂದಿ ಇಲ್ಲ, ತಾಯಿ ಒಬ್ಬಾಕಿ” ಎಂದ ಸಂಬಂಧ ತಂದ ನಡುವಿನವನು. ಕಾರಹುಣ್ಣಿಮೆಯ ದಿನವೇ ತಾಯಿ ಮಗ ಹೆಣ್ಣು ನೋಡಲು ಬಂದರು.

ಆ ದಿನದ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಒಂದು ಕಡೆ ಎತ್ತಿನ ಕೊಂಬಿಗೆ ಬಳಿಯುವ ಬಣ್ಣ, ಇನ್ನೊಂದು ಕಡೆ ಬೆಲ್ಲ, ಏಲಕ್ಕಿ ಹಾಕಿ ರುಬ್ಬಿದ ಹೂರಣ. ಬಂದ ಹುಡುಗ ಸುಮ್ಮನೆ ಕೂಡುವ ಜಾತಿಯವನಲ್ಲ. ಅಂಗಿಯ ತೋಳು ಮಡಚಿ ಅಪ್ಪನ ಜೊತೆ ಕೊಂಬಿಗೆ ಬಣ್ಣ ಹಚ್ಚಲು ನಿಂತ. ಎತ್ತು ತಲೆ ಕೊಡವಿ ಅವನ ಮೂಗಿಗೂ ಕೆಂಪು ಬಳಿಯಿತು. ಅಡುಗೆಮನೆಯ ಕಿಟಕಿಯಲ್ಲಿ ಅತ್ತಿ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು.

“ಹ್ಯಾಂಗ ಇದ್ದಾನ ಅತ್ತಿ?” ಎಂದು ಕೇಳಿದೆ.

“ಹೋಗ ಹುಡುಗಿ, ನಿನಗ್ಯಾಕ ಬೇಕು!” ಎಂದಳು. ಮುಖ ಮಾತ್ರ ಕೆಂಪಾಗಿತ್ತು. ಅವಳು ಅಷ್ಟು ಚೆಂದ ಕಂಡಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಊಟಕ್ಕೆ ಕೂತರು. ಆಯಿ ಬಿಸಿ ಹೋಳಿಗೆ ನೀಡಿದಳು. ಭಾಲ್ಕಿಯ ಅವ್ವ ಉಣ್ಣುವ ಮೊದಲು ಒಂದು ಹೋಳಿಗೆಯನ್ನು ಬೇರೆ ತಟ್ಟೆಯಲ್ಲಿ ತೆಗೆದಿಟ್ಟಳು. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಮಾಡಿತು.

“ಅದ್ಯಾಕ್ರಿ ಬೀಗತಿ, ದೇವರಿಗೇನು?” ಎಂದಳು ಆಯಿ.

“ಇಲ್ರಿ, ನನ್ನ ದೊಡ್ಡ ಮಗಂದು. ಸಣ್ಣಾವಿದ್ದಾಗ ಸಿಟ್ಟು ಮಾಡ್ಕೊಂಡು ಮನಿ ಬಿಟ್ಟು ಹೋದ. ಪತ್ತೇನೇ ಇಲ್ಲ. ಹಬ್ಬಕ್ಕ ಬಂದಾನು ಅಂತ ಅವನ ಪಾಲು ತೆಗೆದಿಡ್ತೇನಿ.”

ಆಯಿ ಹೋಳಿಗೆಯ ಬುಟ್ಟಿಯನ್ನು ಕೆಳಗಿಟ್ಟಳು. ನಡುವಿನವನು ಅತ್ತ ನಕ್ಷತ್ರವನ್ನು ಮುಚ್ಚಿಟ್ಟಿದ್ದ, ಇತ್ತ ಈ ದೊಡ್ಡ ಮಗನನ್ನು. ನಮ್ಮ ಆಯಿ ಬಾಯಿ ಜೋರು, ಆದರೆ ಸುಳ್ಳಾಡುವವಳಲ್ಲ. ನಕ್ಷತ್ರದ ವಿಷಯ ಬಿಡಿಸಿ ಹೇಳಿದಳು. ಆ ತಾಯಿ ತೆಗೆದಿಟ್ಟ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಅವ ಎಲ್ಲಿದ್ರೂ ತಟ್ತದೇನ್ರಿ?”

“ಇದ್ರ ತಟ್ತದ್ರಿ. ಇಲ್ಲದಾವಗ ಏನ್ ತಟ್ಟೀತು?” ಆಯಿ ಆಸೆಯಿಂದ ಮುಂದಕ್ಕೆ ಬಾಗಿದಳು. “ಇಷ್ಟು ವರ್ಷ ಬರದಾವ ಇನ್ನ ಬರ್ತಾನೇನ್ರಿ? ಅವ ಇಲ್ಲ ಅಂತ ದೇವರ ಮುಂದ ಒಂದ್ ಮಾತು ಅಂದುಬಿಡ್ರಿ. ಎರಡು ಮಕ್ಕಳ ಬಾಳೇ ಆಗ್ತದ.”

“ಅಂದುಬಿಡು ಅವ್ವಾ” ಎಂದ ಮಗ, ತಲೆ ತಗ್ಗಿಸಿಕೊಂಡೇ. ಅವನಿಗೂ ಅತ್ತಿ ಮನಸ್ಸಿಗೆ ಬಂದಿದ್ದಳು.

ಆ ತಾಯಿ ದೇವರ ಕಡೆ ತಿರುಗಿದಳು. ಎರಡೂ ಕೈ ಜೋಡಿಸಿದಳು. ಅಷ್ಟರಲ್ಲಿ ಅತ್ತಿ ತುಪ್ಪದ ಮಿಳ್ಳಿ ಹಿಡಿದು ಒಳಗಿನಿಂದ ಬಂದಳು. ಹೆಣ್ಣು ನೋಡಲು ಬಂದವರೆದುರು ಹುಡುಗಿ ಕರೆಯದೆ ಬರುವುದೆಂದರೇನು!

“ಅನಬ್ಯಾಡ್ರಿ ಯವ್ವಾ. ನನ್ನ ಲಗ್ನದ ಸಲುವಾಗಿ ಮಗನ್ನ ಸಾಯಿಸಬ್ಯಾಡ್ರಿ. ಇರ್ಲಿ ಅವ” ಎಂದಳು. ತೆಗೆದಿಟ್ಟ ಆ ಹೋಳಿಗೆಯ ಮೇಲೆ ತುಪ್ಪ ಹಾಕಿ ಒಳಗೆ ಹೋದಳು.

ಭಾಲ್ಕಿಯ ಅವ್ವ ಹೋಗುವಾಗ ಅತ್ತಿಯ ಗಲ್ಲ ಸವರಿ ನೆಟಿಕೆ ಮುರಿದು ಬಿಕ್ಕಿ ಬಿಕ್ಕಿ ಅತ್ತಳು. ಅತ್ತಿ ಅಳಲಿಲ್ಲ. ಅವತ್ತು ಬಿಳಿ ಎತ್ತು ಗೆದ್ದಿತೋ ಕೆಂಪೆತ್ತೋ, ಜಗಳಾಡಿದ ನನಗೇ ನೆನಪಿಲ್ಲ. ಚಂದ್ರ ಮೂಡಿದಾಗ ಆಯಿ ಮಾತ್ರ ಅಂಗಳಕ್ಕೆ ಬರಲಿಲ್ಲ.

ಮುಂದೆ ಸಂಬಂಧಗಳು ಬರಲಿಲ್ಲ. ಬೀಗರೆದುರು ಮಾತಾಡಿದ ಹುಡುಗಿ ಎಂಬ ಹೆಸರೊಂದು ಸೇರಿಕೊಂಡಿತ್ತು. ಅತ್ತಿ ಹೊಲ ಮಾಡಿದಳು, ನಮ್ಮನ್ನು ಬೆಳೆಸಿದಳು. ಪ್ರತಿ ಕಾರಹುಣ್ಣಿಮೆಗೂ ಒಂದು ಹೋಳಿಗೆ ತೆಗೆದಿಡುವ ರೂಢಿಯನ್ನೂ ಹಚ್ಚಿಕೊಂಡಳು. “ನಿನಗೇನ್ ಹುಚ್ಚು ಹಿಡದದೇನ?” ಎಂದು ಆಯಿ ಬೈದರೆ, “ಇರ್ಲಿ ಬಿಡವ್ವಾ, ಒಂದ್ ಹೋಳ್ಗಿ” ಎನ್ನುತ್ತಿದ್ದಳು.

ನನ್ನ ಲಗ್ನವಾಗಿ, ಆಯಿ ತೀರಿಕೊಂಡು ಎಷ್ಟೋ ಕಾಲದ ಮೇಲೆ ಒಂದು ಕಾರಹುಣ್ಣಿಮೆಗೆ ತವರಿಗೆ ಹೋಗಿದ್ದೆ. ಭಾಲ್ಕಿಯ ಆ ಹುಡುಗ ಬಂದ. ಈಗ ತಲೆ ನರೆತ ಸಂಸಾರಸ್ಥ, ನಮ್ಮ ಜಿಲ್ಲೆಯದೇ ಕೊಳಾರದ ಕಾರ್ಖಾನೆಯೊಂದರಲ್ಲಿ ಕೆಲಸ. ಕೂತು, ನೀರು ಕುಡಿದು, ಬಂದ ಕೆಲಸ ಹೇಳಿದ.

“ನಮ್ಮಣ್ಣನ ಸುದ್ದಿ ಸಿಕ್ತರಿ. ಪುಣೆದಾಗ ಅವನ ಜೋಡಿ ಇದ್ದಾವ ಹೇಳ್ದ. ನಾವು ನಿಮ್ಮ ಮನಿಗಿ ಬಂದಿದ್ವಲ್ರಿ, ಅದರ ಹಿಂದಿನ ಚಳಿಗಾಲದಾಗೇ ಅವ ತೀರ್ಕೊಂಡಿದ್ದನಂತ.”

ಕಂಟಕ ಯಾರಿಗೆ? ಇಲ್ಲದವನಿಗೆ! ಅತ್ತಿ ಕೇಳಿದ್ದು ಒಂದೇ ಮಾತು.

“ನಿಮ್ಮವ್ವಗ ಗೊತ್ತಾತೇನ್ರಿ?”

“ಇಲ್ರಿ. ಅವ್ವ ಹೋದ ಮ್ಯಾಲ ಸುದ್ದಿ ಬಂತು. ಕಡೀತನಕಾ ತೆಗೆದಿಟ್ಕೊಂತೇ ಇದ್ಲು.”

“ಛಲೋ ಆತು” ಎಂದು ಅತ್ತಿ ಎದ್ದು ಒಳಗೆ ಹೋದಳು.

ಹಿಂದೆಯೇ ಹೋದೆ. ಬೆಳಿಗ್ಗೆ ತೆಗೆದಿಟ್ಟಿದ್ದ ಹೋಳಿಗೆಯ ಮುಂದೆ ತುಪ್ಪದ ಮಿಳ್ಳಿ ಹಿಡಿದು ನಿಂತಿದ್ದಳು. “ಒಮ್ಮೀನೂ ಮಾರಿ ನೋಡಿಲ್ಲ ನಾ ಇವಂದು” ಎಂದಳು. “ಇಷ್ಟು ವರ್ಷ ನಮ್ಮನ್ಯಾಗ ಇದ್ದ. ಇವತ್ತ ಸತ್ತ ನೋಡು.” ಆಮೇಲೆ ನೆಲಕ್ಕೆ ಕುಸಿದು, ನಾನು ಸಣ್ಣವಳಿದ್ದಾಗ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತಳು.

ಅತ್ತಿಯೂ ಈಗಿಲ್ಲ. ನಕ್ಷತ್ರದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಆದರೆ ಸಿಟ್ಟು ತೀರಿಸಿಕೊಳ್ಳಲು ಚಂದ್ರನೂ ಸರಿಯಾಗಿ ಕಾಣುವುದಿಲ್ಲ. ನಾನೀಗ ಇರುವ ಚಿದ್ರಿಯ ಮನೆಯ ಮಾಳಿಗೆಯ ಮೇಲೆ ಬೀದಿದೀಪದ ಬೆಳಕೇ ಹೆಚ್ಚು. ಗುಡಿ ಕಟ್ಟಿದೆಯೇ ಎಂದು ಕತ್ತೆತ್ತುವವರಿಲ್ಲ, ಮಳೆಯ ಸುದ್ದಿ ಮೊಬೈಲಿಗೆ ಬರುತ್ತದೆ. ಕಾರಹುಣ್ಣಿಮೆಗೆ ಹೋಳಿಗೆಯನ್ನು ಅಂಗಡಿಯಿಂದಲೇ ತರುತ್ತೇವೆ. ಮನೆಯಲ್ಲಿ ಇರುವವರಿಗೆ ಎಷ್ಟು ಬೇಕೋ ಅಷ್ಟೇ ತರುತ್ತೇವೆ.