ಕಾರ್ಡಕ್ಕ ರಜೆಗೆ ಹೋದದ್ದು

ಸಾಬೂನು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ದಿನ ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋಗಿದ್ದೆ. ಜೇಬಿನಲ್ಲಿ ಎರಡು ಪೆನ್ನು, ತಲೆಯಲ್ಲಿ ಡಿಪ್ಲೊಮಾ. ಮಧ್ಯಾಹ್ನದ ಹೊತ್ತಿಗೆ ಅಂಗಿ ಗ್ರೀಸಿನ ಬಣ್ಣಕ್ಕೆ ತಿರುಗಿತ್ತು, ಪೆನ್ನುಗಳನ್ನು ಯಾರೋ ಇಸಿದುಕೊಂಡು ಮರೆತಿದ್ದರು, ಉಳಿದದ್ದು ಡಿಪ್ಲೊಮಾ ಒಂದೇ. ಅದನ್ನೂ ಕಾರ್ಡಕ್ಕ ನನಗೆ ಅಡ್ಡಹೆಸರು ಮಾಡಿಬಿಟ್ಟರು. ಅಂದಿನಿಂದ ಕ್ಯಾಂಟೀನಿನಲ್ಲಿ ಕೂಡ "ಡಿಪ್ಲೊಮಾಗೆ ಒಂದು ಟೀ" ಎಂದೇ ಕೂಗುತ್ತಾರೆ.

ಕಾರ್ಡಕ್ಕ ನಮ್ಮಲ್ಲಿ ಹಿರಿಯ ಎಲೆಕ್ಟ್ರಿಷಿಯನ್. ಸೊಂಟದಲ್ಲಿ ಸ್ಕ್ರೂಡ್ರೈವರ್, ಮೂಗಿನ ತುದಿಯಲ್ಲಿ ಕನ್ನಡಕ, ನಡೆದರೆ ಕಾರಿಡಾರಿನಲ್ಲಿ ಎದುರಿಗೆ ಬಂದವರು ತಾವಾಗಿ ಗೋಡೆಗೆ ಅಂಟಿಕೊಳ್ಳುತ್ತಿದ್ದರು. ವಿನಯ ಅನ್ನುವ ಉಪಕರಣ ಅವರ ಟೂಲ್ ಬಾಕ್ಸಿನಲ್ಲಿ ಇರಲಿಲ್ಲ. ಈ ಕಾರ್ಖಾನೆ ನಿಂತಿರುವುದು ತನ್ನ ಮೇಲೆ, ಕಂಬಗಳು ಸುಮ್ಮನೆ ಜೊತೆಗಿವೆ ಎಂದು ಅವರು ಮ್ಯಾನೇಜರ ಎದುರಿಗೇ ಹೇಳುತ್ತಿದ್ದರು. ಮ್ಯಾನೇಜರು ಹೌದೆನ್ನುತ್ತಿದ್ದರು.

ಈ ಪ್ರತಾಪಕ್ಕೆಲ್ಲ ಕಾರಣ, ಸಾಬೂನಿಗೆ ಅಚ್ಚು ಒತ್ತುವ ಸಾಲಿನ ಪಕ್ಕದಲ್ಲಿದ್ದ ಒಂದು ಬೂದು ಬಣ್ಣದ ಬೀರು, ಅಂದರೆ ಕಂಟ್ರೋಲ್ ಪ್ಯಾನೆಲ್. ವಯಸ್ಸಿನಲ್ಲಿ ಅದು ನನಗಿಂತ ದೊಡ್ಡದು, ಬುದ್ಧಿಯಲ್ಲಿಯೂ ಎಂದು ಕಾರ್ಡಕ್ಕನ ಅಭಿಪ್ರಾಯ. ಒಳಗೆ ಒಂದು ಕಂಟ್ರೋಲರ್, ಅದು ತಲೆ. ಅದರ ಪಕ್ಕದಲ್ಲಿ ಔಟ್‌ಪುಟ್ ಕಾರ್ಡು, ಅದು ಕೈ. ತಲೆ "ಬೆಲ್ಟ್ ಓಡಲಿ" ಎಂದರೆ ಕಾರ್ಡಿನೊಳಗೆ ರಿಲೇ ಎಂಬ ಒಂದು ಸಣ್ಣ ಸ್ವಿಚ್ಚು ಟಕ್ ಎನ್ನುತ್ತದೆ, ಒಂದು ಪುಟ್ಟ ದೀಪ ಹತ್ತುತ್ತದೆ, ಅಲ್ಲಿ ಬೆಲ್ಟ್ ಓಡುತ್ತದೆ. ಹೀಗೆ ಹದಿನಾರು ದೀಪ, ಹದಿನಾರು ಕೆಲಸ. ಆ ಕಾರ್ಡು ಮಾಡುತ್ತಿದ್ದ ಕಂಪನಿ ಮೊದಲು ಅದನ್ನು ಮಾಡುವುದನ್ನು ನಿಲ್ಲಿಸಿ, ಆಮೇಲೆ ತಾನೂ ನಿಂತುಹೋಗಿತ್ತು. ಪ್ರಪಂಚದಲ್ಲಿ ಅದರ ಮಾತು ತಿಳಿಯುವ ಪ್ರಾಣಿ ತಾನೊಬ್ಬಳೇ ಎಂದು ಕಾರ್ಡಕ್ಕ ನಂಬಿದ್ದರು, ಆ ಹೆಸರು ಬಂದದ್ದೂ ಅದರಿಂದಲೇ.

ತಿಳಿಯುತ್ತಿತ್ತೋ ಇಲ್ಲವೋ, ಮಾತಂತೂ ನಡೆಯುತ್ತಿತ್ತು. ಹದಿನಾರಕ್ಕೂ ಅವರು ನೆಂಟರ ಹೆಸರಿಟ್ಟಿದ್ದರು. ಮೂರನೆಯದು ಮೈದುನ, ಎರಡು ಸಲ ಕೂಗದೆ ಏಳುವವನಲ್ಲ. ಒಂಬತ್ತು ಅಳಿಯ, ದೀಪ ಜೋರಾಗಿ ಹತ್ತುತ್ತದೆ, ಕೆಲಸ ಮಾತ್ರ ಸೊನ್ನೆ. ಏಳನೆಯದು ಸೋದರತ್ತೆ, ಶುರುವಾದರೆ ನಿಲ್ಲಿಸಲಾಗದು. ಈ ಸೋದರತ್ತೆಯ ಕೈಯಲ್ಲಿದ್ದದ್ದು ಸುಗಂಧದ ವಾಲ್ವು. ಒಮ್ಮೆ ಅದು ಅಂಟಿಕೊಂಡು ಬಿಟ್ಟಾಗ ಇಡೀ ಪಾಳಿಯವರು ಗುಲಾಬಿ ತೋಟದಲ್ಲಿ ಹೊರಳಾಡಿದವರಂತೆ ಘಮಘಮಿಸುತ್ತ ಮನೆಗೆ ಹೋದರು. ಮಾರನೆಯ ದಿನ ಮೂವರ ಹೆಂಡತಿಯರು ಗೇಟಿಗೆ ವಿಚಾರಣೆಗೆ ಬಂದಿದ್ದರು.

ಕಾರ್ಡಕ್ಕನ ಚಿಕಿತ್ಸೆ ಸರಳ. ಸ್ಕ್ರೂಡ್ರೈವರಿನ ಹಿಡಿಯಿಂದ ಎಡಗಡೆ ಎರಡು ಪೆಟ್ಟು, ಹೆಸರು ಹಿಡಿದು ಬೈಗುಳ, ಅದಕ್ಕೂ ಬಗ್ಗದಿದ್ದರೆ ವೈರನ್ನು ಬಿಚ್ಚಿ ಮತ್ತೆ ಬಿಗಿಯುವುದು. ಇಷ್ಟಕ್ಕೆ ಕೆಲವು ಸಲ ಒಂದು ಗಳಿಗೆ ಸಾಕಾಗುತ್ತಿತ್ತು, ಕೆಲವು ಸಲ ಅರ್ಧ ದಿನ ಹಿಡಿಯುತ್ತಿತ್ತು. ಪೆಟ್ಟಿಗೂ ಗುಣವಾಗುವುದಕ್ಕೂ ಸಂಬಂಧವೇ ಇಲ್ಲ ಎಂದು ನಾನು ಕಾಗದದ ಮೇಲೆ ಚಿತ್ರ ಬರೆದು ತೋರಿಸಲು ಹೋಗಿದ್ದೆ. ಅವರು ಆ ಕಾಗದದಲ್ಲಿ ಕನ್ನಡಕ ಒರೆಸಿಕೊಂಡರು.

ಈಗ ಮುಖ್ಯ ವಿಷಯ. ನಮ್ಮಲ್ಲಿ ಅದೇ ಜಾತಿಯ ಇನ್ನೊಂದು ಕಾರ್ಡು ಇತ್ತು. ಹೊಚ್ಚ ಹೊಸದು, ಡಬ್ಬಿ ಕೂಡ ಒಡೆಯದ್ದು. ಕಾರ್ಡಕ್ಕ ಅದನ್ನು ತಮ್ಮ ಉಕ್ಕಿನ ಕಪಾಟಿನಲ್ಲಿ, ಮಗನ ಹಳೆಯ ಉಣ್ಣೆ ಸ್ವೆಟರಿನಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ ಮಲಗಿಸಿದ್ದರು. ಹಾಗಾದರೆ ಅದನ್ನೇ ಹಾಕಬಾರದೇ ಎಂದು ಹೊಸಬನಾದ ನಾನು ಕೇಳಿದೆ.

"ಹಾಕಿಬಿಟ್ರೆ ಆಮೇಲೆ ಸ್ಪೇರ್ ಎಲ್ಲಿಂದ ಬರುತ್ತೆ?" ಎಂದರು ಕಾರ್ಡಕ್ಕ.

ಮ್ಯಾನೇಜರು ಗಂಭೀರವಾಗಿ ತಲೆಯಾಡಿಸಿದರು. ಮೂರು ವರ್ಷ ಓದಿ ಪಾಸಾಗಿದ್ದ ನಾನೂ ಒಂದು ಗಳಿಗೆ ಯೋಚಿಸಿ, ನಾಚಿಕೆಯ ಮಾತು, ಸರಿಯೆಂದೇ ತಲೆಯಾಡಿಸಿದೆ. ಹೀಗೆ ಹಳೆಯದು ಕೆಮ್ಮುತ್ತ ಕುಂಟುತ್ತ ದುಡಿಯುತ್ತಿತ್ತು, ಹೊಸದು ಸ್ವೆಟರಿನಲ್ಲಿ ಬೆಚ್ಚಗಿತ್ತು, ಕಾರ್ಡಕ್ಕನಿಗೆ ರಜೆ ಅನ್ನುವುದೇ ಇರಲಿಲ್ಲ. ಮದುವೆಗೆ ಹೋದರೆ ಮಂಟಪಕ್ಕೆ ಫೋನು, ಹಲ್ಲು ಕೀಳಿಸಲು ಹೋದರೆ ಬಾಯಿ ತೆರೆದಿರುವಾಗಲೇ ಫೋನು.

ಇದರಿಂದ ನಿಜವಾಗಿ ಬೇಯುತ್ತಿದ್ದವರು ಭಾವ, ಅಂದರೆ ಕಾರ್ಡಕ್ಕನ ಗಂಡ. ಅವರದು ಹೊಲಿಗೆ ಅಂಗಡಿ. ಹೆಂಡತಿಯ ಜೊತೆ ಸಮುದ್ರ ನೋಡಬೇಕು ಎಂಬ ಒಂದೇ ಆಸೆಯಲ್ಲಿ ಹೂವಿನ ಚಿತ್ರದ ಈಜುಚಡ್ಡಿಯನ್ನು ತಾವೇ ಹೊಲಿದಿಟ್ಟುಕೊಂಡಿದ್ದರು. ಹೊಟ್ಟೆ ಬೆಳೆದ ಹಾಗೆ ಅದನ್ನು ಬಿಚ್ಚಿ ಬಿಚ್ಚಿ ಅಗಲ ಮಾಡುತ್ತಿದ್ದರೇ ಹೊರತು ನೀರಿಗೆ ತೋರಿಸಿದ್ದಿಲ್ಲ. ಕೊನೆಗೆ ಈ ವರ್ಷ ಯಾರನ್ನೂ ಕೇಳದೆ ನಾಲ್ಕು ದಿನಕ್ಕೆ ಕೋಣೆ, ಬಸ್ಸು ಎರಡನ್ನೂ ಗೊತ್ತುಮಾಡಿ ಬಂದರು. ಈ ಸಲವೂ ತಪ್ಪಿದರೆ ಇನ್ನು ಹೋಗುವ ಮಾತೇ ಎತ್ತುವುದಿಲ್ಲ ಎಂದು ಮನೆಯಲ್ಲಿ ಊಟ ಬಿಟ್ಟು ಕೂತರಂತೆ. ಕಾರ್ಡಕ್ಕ ಒಪ್ಪಿದರು.

ಹೊರಡುವ ಮುನ್ನಾದಿನ ಭಾವ ಗೇಟಿನ ಬಳಿ ನನ್ನ ತೋಳು ಹಿಡಿದರು. "ತಮ್ಮಾ, ಆ ಬೀರುಗೆ ಏನೇ ಆಗ್ಲಿ, ಅವಳಿಗೆ ಫೋನ್ ಮಾಡ್ಬೇಡ. ಮಾಡಿದ್ಯೋ, ಅವಳು ಅಲೆಯೊಳಗಿಂದ ಹಾಗೇ ಒದ್ದೆ ಬಟ್ಟೆಯಲ್ಲೇ ಬಸ್ ಹತ್ತುತ್ತಾಳೆ."

ಮಾಡುವುದಿಲ್ಲ ಎಂದು ಮಾತು ಕೊಟ್ಟೆ. ಅಷ್ಟು ಹೊತ್ತಿಗೆ ಕಾರ್ಡಕ್ಕ ನನಗೆ ತರಬೇತಿ ಮುಗಿಸಿದ್ದರು. ಯಾವ ನೆಂಟನಿಗೆ ಯಾವ ಬೈಗುಳ, ಪೆಟ್ಟು ಎಲ್ಲಿ, ಎಷ್ಟು ಜೋರು, ಎಲ್ಲ. ಕಪಾಟಿನ ಕೀಲಿಯನ್ನು ನನ್ನ ಅಂಗೈಗೆ ಒತ್ತಿ, "ಇದು ತೆಗೆಯೋದಕ್ಕೆ ಕೊಡ್ತಿರೋದಲ್ಲ. ಬೆಂಕಿ ಗಿಂಕಿ ಬಿದ್ರೆ ಮೊದಲು ಕಾರ್ಡನ್ನ ಎತ್ಕೊಂಡು ಓಡು. ಮ್ಯಾನೇಜರು ಆಮೇಲೆ," ಎಂದರು. ಪಕ್ಕದಲ್ಲೇ ಇದ್ದ ಮ್ಯಾನೇಜರು ಅದಕ್ಕೂ ಹೌದೆಂದರು.

ಮೊದಲ ದಿನ ಮೈದುನ ಒಬ್ಬನೇ ಸ್ವಲ್ಪ ಸತಾಯಿಸಿದ, ಅಷ್ಟೇ. ಎರಡನೆಯ ದಿನ ಬೆಳಗಿನ ಟೀ ಮುಗಿಸಿ ಬರುವಷ್ಟರಲ್ಲಿ ಅಚ್ಚು ಒತ್ತುವ ಯಂತ್ರ ಕೈಚೆಲ್ಲಿ ನಿಂತಿತ್ತು. ಬೆಲ್ಟ್ ಮಾತ್ರ ಓಡುತ್ತಲೇ ಇತ್ತು. ಹೆಸರಿಲ್ಲದ, ಗೆರೆಯಿಲ್ಲದ ಬೋಳು ಸಾಬೂನುಗಳು ಬಂದು ಬಂದು ಕೊನೆಯಲ್ಲಿ ಗುಡ್ಡೆಯಾಗಿ, ಗುಡ್ಡೆ ಜಾರಿ ನೆಲದ ತುಂಬ ಹರಡಿ, ಓಡಿಬಂದ ನಾನು ಅದರ ಮೇಲೆ ಕಾಲಿಟ್ಟು, ಬೀರುವಿನ ತನಕ ಕೂತ ಭಂಗಿಯಲ್ಲೇ ತಲುಪಿದೆ. ಬಾಗಿಲು ತೆಗೆದರೆ ದೀಪಗಳು ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದವು. ಕೊನೆಗೆ ಸೋದರತ್ತೆಯೂ ಬಾಯಿ ಮುಚ್ಚಿದಳು. ಅವಳೇ ಮುಚ್ಚಿದ ಮೇಲೆ ಕಾರ್ಡು ಸತ್ತಿದೆ ಎಂದು ಖಚಿತವಾಯಿತು.

ಎಡಕ್ಕೆ ಎರಡು ಪೆಟ್ಟು ಕೊಟ್ಟೆ. ಬಲಕ್ಕೂ ಕೊಟ್ಟೆ. ಕಲಿತ ಬೈಗುಳ ಮುಗಿದು ಸ್ವಂತದ್ದು ಶುರುಮಾಡಿದೆ. ಮ್ಯಾನೇಜರು ಬಂದು, ನಾನು ಒರಟಾಗಿ ಮಾತಾಡುತ್ತಿರುವುದೇ ತೊಂದರೆ ಇರಬಹುದೆಂದು, ಕಾರ್ಡಿನ ಕಡೆಗೆ ಬಾಗಿ "ದಯವಿಟ್ಟು" ಎಂದರು. ಏನೂ ಆಗಲಿಲ್ಲ. ಕಾರ್ಡಕ್ಕನಿಗೆ ಫೋನ್ ಹಚ್ಚು ಎಂದರು. ಭಾವನಿಗೆ ಕೊಟ್ಟ ಮಾತು ಹೇಳಿದೆ. ಆಮೇಲೆ ಇಬ್ಬರ ಕಣ್ಣೂ ಒಟ್ಟಿಗೇ ಉಕ್ಕಿನ ಕಪಾಟಿನ ಕಡೆಗೆ ಹೊರಳಿದವು. ತಾನು ಈ ಕಡೆ ತಿರುಗಿಕೊಳ್ಳುತ್ತೇನೆ, ತಾನು ಏನನ್ನೂ ನೋಡಿಲ್ಲ ಎಂದು ಹೇಳಿ ಮ್ಯಾನೇಜರು ಗೋಡೆಗೆ ಮುಖ ಮಾಡಿದರು.

ಯಾರದೋ ಮಗುವನ್ನು ಕದಿಯುತ್ತಿರುವ ಹಾಗೆ ಹಿಂದೆ ಮುಂದೆ ನೋಡುತ್ತ ಸ್ವೆಟರ್ ಬಿಚ್ಚಿದೆ. ಕರೆಂಟ್ ತೆಗೆದೆ, ಹಳೆಯದನ್ನು ಎಳೆದೆ, ಹೊಸದನ್ನು ತಳ್ಳಿದೆ, ವೈರು ಬಿಗಿದೆ, ಕರೆಂಟ್ ಕೊಟ್ಟೆ. ದೀಪಗಳು ಹತ್ತಬೇಕಾದಾಗ ಹತ್ತಿದವು, ಆರಬೇಕಾದಾಗ ಆರಿದವು. ಸಾಲು ಓಡತೊಡಗಿತು. ಓಡಿತು, ಓಡಿತು, ಓಡುತ್ತಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಜನಕ್ಕೆ ಗಾಬರಿ. ನಿಂತಾಗ ಬೀಡಿ ಸೇದಲು ಹೋಗುತ್ತಿದ್ದವರು ಹೋಗಲಾರದೆ ಚಡಪಡಿಸಿದರು. ಇದು ಯಾವಾಗ ನಿಲ್ಲುತ್ತದೆ ಎಂದು ಪ್ಯಾಕಿಂಗಿನವರು ಮೂರು ಸಲ ಕೇಳಿಹೋದರು.

ಮಾರನೆಯ ದಿನ ಫೋನು ಬಂತು. ನಾವು ಮಾಡಿದ್ದಲ್ಲ, ಕಾರ್ಡಕ್ಕನೇ ಮಾಡಿದ್ದು.

"ಯಾಕೋ ಯಾರೂ ಫೋನೇ ಮಾಡ್ಲಿಲ್ಲ?"

ಫೋನು ಬಂದರೆ ರಜೆ ಕೆಡುತ್ತದೆ ಎಂದು ತಿಳಿದಿದ್ದೆವು. ಬಾರದಿದ್ದರೂ ಕೆಡುತ್ತದೆಂದು ಯಾರಿಗೆ ಗೊತ್ತು? ಅವರನ್ನು ಸಮಾಧಾನ ಮಾಡಲು, ಮೈದುನ ಈಗಷ್ಟೇ ಕೈಕೊಟ್ಟಿದ್ದಾನೆ, ನೋಡುತ್ತಿದ್ದೇನೆ ಎಂದು ಒಂದು ಸುಳ್ಳು ಬಿಟ್ಟೆ. ಅವರ ದನಿಗೆ ಜೀವ ಬಂತು. ಫೋನನ್ನು ಹತ್ತಿರ ಹಿಡಿದು ಎಡಗಡೆ ಎರಡು ಕೊಡು, ಸದ್ದು ಕೇಳಿಸಲಿ ಎಂದರು. ಓಡುತ್ತಿರುವ ಹೊಸ ಕಾರ್ಡಿಗೆ ಹೊಡೆಯಲು ಧೈರ್ಯ ಬರಲಿಲ್ಲ. ಎದುರಿಗಿದ್ದ ಮೇಜಿಗೆ ಎರಡು ಕೊಟ್ಟೆ.

"ಅದು ಮೇಜು," ಎಂದರು ಕಾರ್ಡಕ್ಕ.

ನಾನು ಮೇಜಿನಿಂದ ಕೈ ತೆಗೆದೆ.

"ಡಿಪ್ಲೊಮಾ, ಸ್ವೆಟರ್ ಎಲ್ಲಿದೆ?"

"ಒಗೆಯೋಕೆ ಹಾಕಿದ್ದೀನಕ್ಕಾ."

ಬೈಗುಳಕ್ಕೆ ಕಿವಿ ಗಟ್ಟಿಮಾಡಿಕೊಂಡು ಕೂತಿದ್ದೆ. ಬಂದದ್ದು ಬೇರೆ.

"ಓಡ್ತಿದೆಯಾ?"

"ಓಡ್ತಿದೆ."

"ಸೋದರತ್ತೆ?"

"ಹೇಳಿದಾಗ ಶುರು, ಹೇಳಿದಾಗ ಬಂದ್."

"ನೀವ್ಯಾರೂ ಏನೂ ಮಾಡದೇನೇ?"

"ಏನೂ ಮಾಡದೇನೇ ಅಕ್ಕಾ."

"ಹಂಗಾದ್ರೆ ಇಷ್ಟು ವರ್ಷ ನಾನೇನು ಮಾಡ್ತಿದ್ದೆ ಅಲ್ಲಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನ್ ಇಟ್ಟುಬಿಟ್ಟರು. ಅವರು ಆ ದನಿಯಲ್ಲಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮೂರು ಬಾರಿ ತಿರುಗಿ ಫೋನ್ ಮಾಡಲು ಹೋಗಿ, ಭಾವನ ಮುಖ ನೆನೆದು, ಕೈ ಹಿಂದೆಗೆದೆ. ಮ್ಯಾನೇಜರು ನನ್ನ ಮುಖ ನೋಡಿ, ಬೇಕಾದರೆ ಹಳೆಯದನ್ನೇ ವಾಪಸ್ ಹಾಕೋಣ ಎಂದರು. ಸತ್ತ ಕಾರ್ಡನ್ನು ಹಾಕಿದರೆ ಕಾರ್ಖಾನೆ ನಿಲ್ಲುತ್ತದೆ ಎಂದೆ. "ಆಕೆಗೆ ಸಮಾಧಾನವಾಗುತ್ತಲ್ಲ," ಎಂದರು ಅವರು. ಆ ಮನುಷ್ಯನ ಬಗ್ಗೆ ನನಗೆ ಮೊದಲ ಸಲ ಗೌರವ ಹುಟ್ಟಿತು.

ಸಂಜೆ ಭಾವನ ಫೋನು. ಹೆಂಡತಿ ಮರಳಿನ ಮೇಲೆ ಮೊಬೈಲನ್ನೇ ನೋಡುತ್ತ ಕೂತಿದ್ದಳಂತೆ. ಇವರು ಚಡ್ಡಿ ತೊಟ್ಟು ಒಬ್ಬರೇ ಮೊಣಕಾಲುದ್ದ ನೀರಿನಲ್ಲಿ ನಿಂತು ಬೇಸರಪಡುತ್ತಿದ್ದರಂತೆ. ಇದ್ದಕ್ಕಿದ್ದ ಹಾಗೆ ಆಕೆ ಎದ್ದು, ಮೊಬೈಲನ್ನು ಅವರ ಚಪ್ಪಲಿಯಡಿ ತುರುಕಿ, ಉಟ್ಟ ಬಟ್ಟೆಯಲ್ಲೇ ನೇರವಾಗಿ ಅಲೆಗೆ ನುಗ್ಗಿದಳು. ಈಗ ಹೊರಗೆ ಬಾ ಎಂದರೂ ಬರುತ್ತಿಲ್ಲ. ಬಂದ ಅಲೆಗಳನ್ನೆಲ್ಲ ಹೆಸರಿಟ್ಟು ಬೈಯುತ್ತಿದ್ದಾಳೆ. ಕೋಣೆಯನ್ನು ಇನ್ನೆರಡು ದಿನ ಮುಂದುವರಿಸಲು ಅವಳೇ ಹೇಳಿದ್ದಾಳೆ. ಇಷ್ಟನ್ನು ಹೇಳುವಾಗ ಭಾವ ಎರಡು ಸಲ ಮೂಗೆಳೆದುಕೊಂಡರು. ಉಪ್ಪುನೀರು ಹೋಗಿದೆ ಎಂದರು.

ಕಾರ್ಡಕ್ಕ ವಾಪಸ್ ಬಂದಾಗ ಮುಖ ಸುಟ್ಟ ಇಟ್ಟಿಗೆಯ ಬಣ್ಣವಾಗಿತ್ತು. ಯಾರನ್ನೂ ಮಾತಾಡಿಸದೆ ಬೀರು ತೆಗೆದು, ಕನ್ನಡಕ ಏರಿಸಿ, ಹೊಸ ಕಾರ್ಡಿನ ಮುಂದೆ ನಿಂತರು. ಪಾಳಿಯ ಜನವೆಲ್ಲ ಕೆಲಸ ಬಿಟ್ಟು ಸುತ್ತ ಸೇರಿತು. ಟಕ್, ಟಕ್, ಟಕ್. ತಪ್ಪೇ ಇಲ್ಲ. ಬೈಯಲು ಏನಾದರೂ ಸಿಗಬಹುದೆಂದು ಅವರು ಎಷ್ಟೋ ಹೊತ್ತು ಕಾದರು. ಕೊನೆಗೆ ನನ್ನ ಕಡೆ ತಿರುಗಿದರು.

"ಇದನ್ನ ಹಾಕಿದ್ದು ಯಾರು?"

"ನಾನು."

"ಇದರ ಸ್ವಭಾವ ಯಾರಿಗೆ ಗೊತ್ತು?"

"ಸ್ವಲ್ಪ... ನನಗೆ."

"ಸ್ಪೇರ್ ಇದೆಯಾ?"

"ಇಲ್ಲ."

"ಹಂಗಾದ್ರೆ ಇನ್ಮೇಲೆ ನೀನು ರಜೆ ಹಾಕೋ ಹಂಗಿಲ್ಲ," ಎಂದು ತೀರ್ಪು ಕೊಟ್ಟು ಅವರು ಮ್ಯಾನೇಜರ ಕೋಣೆಗೆ ನಡೆದರು, ತಮ್ಮ ಮುಂದಿನ ರಜೆ ಬರೆಸಲು. ಈ ಸಲ ಬೆಟ್ಟವಂತೆ. ಭಾವ ಆಗಲೇ ಚಳಿಗೆ ಎರಡು ಕೋಟು ಕತ್ತರಿಸಿಟ್ಟಿದ್ದಾರೆ.

ಹೋದ ವಾರ ಅಮ್ಮ ಫೋನ್ ಮಾಡಿ, ಮನೆ ಕಡೆ ಬಂದು ಎಷ್ಟು ದಿನವಾಯಿತು ಎಂದು ರೇಗಿದಳು. ಕಾರ್ಡಿನ ವಿಷಯ ಮೊದಲಿನಿಂದ ವಿವರಿಸಿದೆ. ಎಲ್ಲ ಕೇಳಿ, ಅದು ನಿಂತುಹೋದರೆ ಸ್ಪೇರ್ ಇಲ್ಲದೆ ನೀನಾದರೂ ಏನು ಮಾಡುತ್ತೀಯ ಎಂದಳು.

"ಏನೂ ಇಲ್ಲಮ್ಮ. ನಾನೂ ಪಕ್ಕದಲ್ಲಿ ನಿಂತ್ಕೋತೀನಿ."

"ಅದಕ್ಕೆ ಸಂಬಳ ಕೊಡ್ತಾರಾ?"

"ಕೊಡ್ತಾರೆ."

ಹಾಗಾದರೆ ಬರುವುದು ಬೇಡ, ಅಲ್ಲೇ ಇರು ಎಂದಳು ಅಮ್ಮ.